ಹುಳುಕಿನಿಂದ ಎಣಿಕೆಗೆ: ದಂತಾರೋಗ್ಯ ಮಾಪನದ ಇತಿಹಾಸ ಮತ್ತು ಥಾಣೆ ಪರಿಸರದ ಶಾಲಾಮಕ್ಕಳು

1. ಶಬ್ದದ ಸಾಕ್ಷ್ಯ

ಕೆಟ್ಟ ಹಲ್ಲನ್ನು ಕನ್ನಡದಲ್ಲಿ 'ಹುಳುಕು ಹಲ್ಲು' ಎನ್ನುತ್ತೇವೆ. ಹಳಗನ್ನಡದ 'ಪುೞು' ಹೊಸಗನ್ನಡದಲ್ಲಿ 'ಹುಳು' ಆಯಿತು. ಹುಳು ತಿಂದು ಟೊಳ್ಳಾದದ್ದು ಹುಳುಕು. ಕಾಳಿಗೂ ಮರಕ್ಕೂ ಸಲ್ಲುವ ಈ ಮಾತು ಹಲ್ಲಿಗೂ ಸಂದಿತು. ಥಾಣೆ, ಕಲ್ಯಾಣ್‌ಗಳ ಮರಾಠಿ ಮನೆಗಳಲ್ಲಿ ಇದೇ ಹಲ್ಲು 'ಕಿಡಲೇಲಾ ದಾತ್'. ಅಲ್ಲಿಯೂ 'ಕೀಡ್' ಎಂದರೆ ಹುಳುವೇ. ಸಂಸ್ಕೃತ ವೈದ್ಯಶಾಸ್ತ್ರದಲ್ಲಿ ಇದರ ಹೆಸರು 'ಕೃಮಿದಂತಕ'. ಸುಶ್ರುತ ಸಂಹಿತೆ ಬಾಯಿಯ ಅರವತ್ತೈದು ರೋಗಗಳನ್ನು ಹೆಸರಿಸಿ, ಅವುಗಳಲ್ಲಿ ಎಂಟನ್ನು ಹಲ್ಲಿಗೇ ಸೇರಿದವೆಂದು ವಿಂಗಡಿಸುತ್ತದೆ. ಕೃಮಿದಂತಕ ಆ ಎಂಟರಲ್ಲಿ ಒಂದು. ಹಲ್ಲಿನೊಳಗೆ ಹುಳುವಿದೆ ಎಂಬ ನಂಬಿಕೆ ಭಾರತಕ್ಕೆ ಮಾತ್ರ ಸೇರಿದುದಲ್ಲ. ಪ್ರಾಚೀನ ಬ್ಯಾಬಿಲೋನಿಯಾದ ಮಣ್ಣಿನ ಫಲಕಗಳಲ್ಲಿಯೂ ಅದು ಕಾಣುತ್ತದೆ. ಫ್ರಾನ್ಸಿನ ಪಿಯರ್ ಫೋಷಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ ಈ ನಂಬಿಕೆಯನ್ನು ತಳ್ಳಿಹಾಕಿದನು. 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್, ಬಾಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುಳಿಸಿ ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು ತೋರಿಸಿಕೊಟ್ಟನು. ಕಣ್ಣಿಗೆ ಕಾಣುವ ಹುಳು ಹೋಗಿ ಕಾಣದ ಜೀವಿ ಬಂದಿತು. ಹಳೆಯ ಶಬ್ದ ಮಾತ್ರ ಉಳಿದುಕೊಂಡಿತು.

ರೋಗದ ಕಾರಣ ತಿಳಿದದ್ದು ಈ ಇತಿಹಾಸದ ಒಂದು ಭಾಗ. ರೋಗ ಎಷ್ಟು ಮಂದಿಗೆ, ಎಷ್ಟರಮಟ್ಟಿಗೆ ಇದೆ ಎಂದು ಎಣಿಸಲು ಕಲಿತದ್ದು ಇನ್ನೊಂದು ಭಾಗ. ಈ ಎರಡನೆಯ ಭಾಗವನ್ನು ಸ್ಥೂಲವಾಗಿ ನಿರೂಪಿಸಿ, ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿ ಪರಿಸರದಲ್ಲಿ ಆ ಎಣಿಕೆಯ ಅರ್ಥವೇನೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಎಣಿಸಿದ್ದು ಮತ್ತು ಎಣಿಸದೆ ಬಿಟ್ಟದ್ದು

ಮಧ್ಯಕಾಲೀನ ಕನ್ನಡ ನಾಡಿಗೆ ಎಣಿಕೆ ಅಪರಿಚಿತವಾಗಿರಲಿಲ್ಲ. ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆಗಳ ಪ್ರಸ್ತಾಪ ಹೇರಳವಾಗಿದೆ. ಗದ್ದೆಯನ್ನು ಅಳೆದರು, ತೋಟದ ಮರಗಳನ್ನು ಲೆಕ್ಕಹಾಕಿದರು, ದೀಪಕ್ಕೆ ಬಿಟ್ಟ ಎಣ್ಣೆಯನ್ನು ಮಾನ, ಸೊಲ್ಲಗೆಗಳಲ್ಲಿ ನಮೂದಿಸಿದರು. ತೆರಿಗೆಗೆ ಅಥವಾ ದಾನಕ್ಕೆ ಸಲ್ಲುವುದೆಲ್ಲವೂ ಎಣಿಕೆಗೆ ಬಂದಿತು. ರೋಗ ಅವೆರಡಕ್ಕೂ ಸಲ್ಲದ ವಸ್ತು.

ಹಾಗೆಂದು ವೈದ್ಯವಿದ್ಯೆ ಬಡವಾಗಿತ್ತೆಂದಲ್ಲ. ರಾಷ್ಟ್ರಕೂಟ ನೃಪತುಂಗನ ಸಭೆಯೊಡನೆ ಸಂಬಂಧ ಹೇಳಿಕೊಳ್ಳುವ ಉಗ್ರಾದಿತ್ಯನ ಸಂಸ್ಕೃತ ಕಲ್ಯಾಣಕಾರಕ, ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದನ ಕೃತಿಯನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣ ಇವೆಲ್ಲ ಒಂದು ಗಟ್ಟಿ ಪರಂಪರೆಯ ಕುರುಹುಗಳು. ಇದೇ ನೃಪತುಂಗ ಅಮೋಘವರ್ಷನನ್ನು ಸಾರ್ವಭೌಮನೆಂದು ಒಪ್ಪಿದ ಉತ್ತರ ಕೊಂಕಣದ ಶಿಲಾಹಾರರ ಕಾಲದ ಒಂಬತ್ತನೆಯ ಶತಮಾನದ ಶಾಸನಗಳು, ಥಾಣೆಗೆ ಸಮೀಪದ ಕಾನ್ಹೇರಿ ಗುಹೆಗಳಲ್ಲಿ ದೊರೆತಿವೆ. ಆದರೆ ಈ ಪರಂಪರೆಯಲ್ಲಿ ವೈದ್ಯನ ಮುಂದೆ ಇದ್ದವನು ಒಬ್ಬ ರೋಗಿ, ಒಂದು ಊರಲ್ಲ. ಅವನ ದೋಷ, ಪ್ರಕೃತಿ, ಔಷಧ ಇವು ಗ್ರಂಥದ ವಿಷಯ. ಊರಿನ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳ ಹಲ್ಲು ಹುಳುಕಾಗಿದೆ ಎಂಬ ಪ್ರಶ್ನೆ ಹುಟ್ಟಬೇಕಾದರೆ ಮಕ್ಕಳು ಒಂದೆಡೆ ಸೇರುವ ಶಾಲೆ ಬೇಕು, ಅವರ ಆರೋಗ್ಯ ತನ್ನ ಹೊಣೆ ಎಂದು ಒಪ್ಪುವ ಪ್ರಭುತ್ವ ಬೇಕು. ಇವೆರಡೂ ಆಧುನಿಕ ಕಾಲದವು.

ಆಧುನಿಕ ಪ್ರಭುತ್ವವೂ ಮೊದಲು ಎಣಿಸಿದ್ದು ಸಾವನ್ನು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರಕಾರದ ಗಮನವೆಲ್ಲ ಮೃತರ ಪಟ್ಟಿಯ ಮೇಲಿತ್ತು. ಹಲ್ಲಿನ ಹುಳುಕು ಜನರನ್ನು ಗುಂಪುಗುಂಪಾಗಿ ಕೊಲ್ಲುವುದಿಲ್ಲ. ಅದು ನಿದ್ದೆ ಕೆಡಿಸುತ್ತದೆ, ಊಟ ತಪ್ಪಿಸುತ್ತದೆ, ಶಾಲೆ ಬಿಡಿಸುತ್ತದೆ. ಇಂಥ ನೋವು ಅಂಕಿಸಂಖ್ಯೆಯ ಪುಸ್ತಕಕ್ಕೆ ಏರಲು ತಡವಾಯಿತು.

3. ಶಾಲೆಗೆ ಬಂದ ವೈದ್ಯ

ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಬ್ರಿಟನ್ನಿನ ಕೆಲವು ದಂತವೈದ್ಯರು ಶಾಲಾಮಕ್ಕಳ ಬಾಯಿಯನ್ನು ಸಾಮೂಹಿಕವಾಗಿ ಪರೀಕ್ಷಿಸತೊಡಗಿದರು. 1902ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅರ್ನ್‌ಸ್ಟ್ ಯೆಸ್ಸೆನ್ ಶಾಲಾಮಕ್ಕಳಿಗೆಂದೇ ದಂತ ಚಿಕಿತ್ಸಾಲಯವನ್ನು ತೆರೆದನು. 1907ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕನ್ನಿಂಗ್‌ಹ್ಯಾಮ್ ಅದೇ ದಾರಿಯಲ್ಲಿ ನಡೆದನು. ನ್ಯೂಜಿಲೆಂಡ್ 1921ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಶಾಲೆಗಳಲ್ಲಿಯೇ ಮಕ್ಕಳ ಹಲ್ಲು ತುಂಬಿಸಬಲ್ಲ ಶಾಲಾ ದಂತದಾದಿಯರನ್ನು ತರಬೇತುಗೊಳಿಸಲು ಆರಂಭಿಸಿತು. ಇಲ್ಲಿ ಒಂದು ಅಂಶ ಗಮನಾರ್ಹ: ಇವರೆಲ್ಲರೂ ನೋಡಿದ ಮೇಲೆ ಮಾಡಬೇಕಾದ ಕೆಲಸಕ್ಕೂ ಏರ್ಪಾಡು ಮಾಡಿಕೊಂಡಿದ್ದರು.

ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡ ನಗರದಲ್ಲಿ. ದಂತವೈದ್ಯ ಶಿಕ್ಷಣಕ್ಕೆ ನೆಲೆ ದೊರೆತದ್ದು 1920ರಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಅವರು ಕಲ್ಕತ್ತೆಯಲ್ಲಿ ಕಾಲೇಜು ಸ್ಥಾಪಿಸಿದಾಗ. ಮುಂಬಯಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜು 1933ರದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಥಾಣೆ ಜಿಲ್ಲೆಯೂ ಆಗ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರವರೆಗೆ ಧಾರವಾಡದ ಮಗುವಿನ ಆರೋಗ್ಯವನ್ನೂ ಕಲ್ಯಾಣ್‌ನ ಮಗುವಿನ ಆರೋಗ್ಯವನ್ನೂ ನೋಡಿಕೊಳ್ಳಬೇಕಾಗಿದ್ದ ಕಚೇರಿ ಒಂದೇ ನಗರದಲ್ಲಿತ್ತು. ದಂತವೈದ್ಯರ ಕಾಯಿದೆ 1948ರಲ್ಲಿ, ಬೆಂಗಳೂರಿನ ಸರಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಬಂದವು. ನವಿ ಮುಂಬಯಿಯ ನೆರೂಳ, ಬೇಲಾಪುರ, ಖಾರ್ಘರ್, ಕಾಮೋಠೆಗಳಲ್ಲಿ ಇಂದು ಖಾಸಗಿ ದಂತ ಕಾಲೇಜುಗಳಿವೆ. ವೈದ್ಯರ ಕೊರತೆ ಎಂಬ ಹಳೆಯ ಸಮಾಧಾನ ಈ ಪರಿಸರದ ಮಟ್ಟಿಗೆ ಇನ್ನು ಸಲ್ಲದು.

4. ಮೂರು ಅಕ್ಷರಗಳ ಸೂಚ್ಯಂಕ

'ಇಷ್ಟು ಮಕ್ಕಳ ಹಲ್ಲು ಕೆಟ್ಟಿದೆ' ಎಂಬ ಹೇಳಿಕೆಯಿಂದ ತುಲನೆ ಸಾಧ್ಯವಾಗುವುದಿಲ್ಲ. ಒಂದು ಹಲ್ಲು ಕೆಟ್ಟವನೂ ಹತ್ತು ಹಲ್ಲು ಕೆಟ್ಟವನೂ ಅಲ್ಲಿ ಒಂದೇ ಲೆಕ್ಕಕ್ಕೆ ಬರುತ್ತಾರೆ. ಈ ತೊಡಕಿಗೆ ಪರಿಹಾರ ಕಂಡುಕೊಂಡವರು ಅಮೆರಿಕದ ಹೆನ್ರಿ ಕ್ಲೈನ್, ಕ್ಯಾರೊಲ್ ಪಾಮರ್ ಮತ್ತು ಜಾನ್ ನಟ್ಸನ್. ಮೇರಿಲ್ಯಾಂಡ್ ಪ್ರಾಂತದ ಹೇಗರ್ಸ್‌ಟೌನ್ ಊರಿನ ಶಾಲಾಮಕ್ಕಳನ್ನು ಪರೀಕ್ಷಿಸಿ 1938ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಿಂದ ಡಿ.ಎಂ.ಎಫ್. ಸೂಚ್ಯಂಕ ಬಳಕೆಗೆ ಬಂದಿತು. 'ಡಿ' ಎಂದರೆ ಹುಳುಕಾಗಿ ಹಾಗೆಯೇ ಉಳಿದ ಹಲ್ಲು, 'ಎಂ' ಎಂದರೆ ಹುಳುಕಿನಿಂದಾಗಿ ಕಳೆದುಹೋದ ಹಲ್ಲು, 'ಎಫ್' ಎಂದರೆ ತುಂಬಿಸಿದ ಹಲ್ಲು. ಮೂರನ್ನೂ ಕೂಡಿದರೆ ಒಂದು ಮಗುವಿನ ಅಂಕ. ಮಕ್ಕಳೆಲ್ಲರ ಅಂಕಗಳ ಸರಾಸರಿ ಒಂದು ಊರಿನ ಅಂಕ.

ಈ ಎಣಿಕೆಯ ಹಿಂದಿನ ತರ್ಕ ಸರಳವಾದುದು. ಜ್ವರ ಬಂದು ಹೋದ ಮೇಲೆ ಮೈಮೇಲೆ ಗುರುತು ಉಳಿಯದು. ಗುಳಿಬಿದ್ದ ಹಲ್ಲು ಮಾತ್ರ ತಾನಾಗಿ ಮತ್ತೆ ತುಂಬಿಕೊಳ್ಳುವುದಿಲ್ಲ. ಆದುದರಿಂದ ಒಂದು ದಿನದ ಪರೀಕ್ಷೆಯಲ್ಲಿಯೇ ಆ ಮಗುವಿನ ಹಿಂದಿನ ವರ್ಷಗಳ ರೋಗಚರಿತ್ರೆ ಸಿಗುತ್ತದೆ. ಹಾಲುಹಲ್ಲುಗಳಿಗೆ ಬೇರೆ ಲೆಕ್ಕ. ಅವು ಸಹಜವಾಗಿಯೇ ಉದುರುವುದರಿಂದ ಬಿದ್ದ ಹಲ್ಲು ಹುಳುಕಿನಿಂದ ಬಿದ್ದದ್ದೇ ಎಂದು ನಿರ್ಧರಿಸುವಾಗ ಎಚ್ಚರ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 1971ರಲ್ಲಿ ಪ್ರಕಟಿಸಿ, ಮುಂದೆ ಹಲವು ಸಲ ಪರಿಷ್ಕರಿಸಿದ ಕೈಪಿಡಿಯು ಈ ಎಣಿಕೆಗೆ ಒಂದು ಶಿಸ್ತನ್ನು ತಂದಿತು. ಐದು ವರ್ಷದ ಮಗುವಿನಲ್ಲಿ ಹಾಲುಹಲ್ಲು, ಹನ್ನೆರಡು ಮತ್ತು ಹದಿನೈದು ವರ್ಷದವರಲ್ಲಿ ಶಾಶ್ವತ ಹಲ್ಲು ನೋಡಬೇಕೆಂದು ಅದು ಸೂಚಿಸಿತು. ಹನ್ನೆರಡರ ಆಯ್ಕೆಗೆ ಎರಡು ಕಾರಣಗಳಿವೆ: ಆ ವಯಸ್ಸಿಗೆ ಕೊನೆಯ ದವಡೆಹಲ್ಲುಗಳನ್ನು ಬಿಟ್ಟು ಉಳಿದ ಇಪ್ಪತ್ತೆಂಟು ಹಲ್ಲುಗಳು ಸಾಮಾನ್ಯವಾಗಿ ಮೂಡಿರುತ್ತವೆ, ಅನೇಕ ದೇಶಗಳಲ್ಲಿ ಮಕ್ಕಳು ಶಾಲೆಯಲ್ಲಿ ಸುಲಭವಾಗಿ ಸಿಗುವ ಕೊನೆಯ ವಯಸ್ಸೂ ಅದೇ. ಪರೀಕ್ಷಕರು ಮೊದಲು ತಮ್ಮತಮ್ಮಲ್ಲಿ ಒಮ್ಮತಕ್ಕೆ ಬರಬೇಕು. ಕೆಲವು ಮಕ್ಕಳನ್ನು ಎರಡನೆಯ ಸಲ ನೋಡಿ, ತಮ್ಮ ತೀರ್ಪು ತಮಗೇ ಹೊಂದುತ್ತದೆಯೇ ಎಂದು ಪರಿಶೀಲಿಸಬೇಕು. ಹಸ್ತಪ್ರತಿಗಳ ಪಾಠಸಂಶೋಧನೆ ಮಾಡುವವರಿಗೆ ಈ ಎಚ್ಚರ ಹೊಸದೆನಿಸಲಾರದು. ಇಬ್ಬರು ಲಿಪಿಕಾರರು ಒಂದೇ ಅಕ್ಷರವನ್ನು ಎರಡು ಬಗೆಯಾಗಿ ಓದಿದರೆ ಪಾಠ ಕೆಡುತ್ತದೆ. ಇಬ್ಬರು ಪರೀಕ್ಷಕರು ಒಂದೇ ಕಲೆಯನ್ನು ಎರಡು ಬಗೆಯಾಗಿ ಓದಿದರೆ ಊರಿನ ಅಂಕ ಕೆಡುತ್ತದೆ.

ಮೂರು ಅಕ್ಷರಗಳ ಅರ್ಥವನ್ನು ಇನ್ನೊಂದು ನೆಲೆಯಿಂದಲೂ ನೋಡಬೇಕಾಗಿದೆ. ಮೊತ್ತವು ಮಗುವಿನ ಬಾಯಲ್ಲಿ ನಡೆದುದನ್ನು ತಿಳಿಸುತ್ತದೆ. ಆ ಮೊತ್ತದೊಳಗೆ ಒಂದೊಂದು ಅಕ್ಷರದ ಪಾಲೆಷ್ಟು ಎಂಬುದು ಸಮಾಜ ಮಾಡಿದುದನ್ನು ತಿಳಿಸುತ್ತದೆ. ಎರಡು ಊರುಗಳ ಅಂಕ ಎರಡೇ ಆಗಿರಬಹುದು. ಒಂದರಲ್ಲಿ ಎರಡೂ ಹಲ್ಲು ತುಂಬಿಸಿದವು, ಇನ್ನೊಂದರಲ್ಲಿ ಎರಡೂ ಹುಳುಕಾಗಿಯೇ ಉಳಿದವು. ಮೊದಲನೆಯ ಊರಿನ ಮಕ್ಕಳು ಊಟ ಮಾಡುತ್ತಾರೆ; ಎರಡನೆಯ ಊರಿನ ಮಕ್ಕಳು ಒಂದು ಪಕ್ಕದಲ್ಲಿ ಮಾತ್ರ ಅಗಿಯುತ್ತಾರೆ.

5. ಸರಾಸರಿಯ ಮರೆಯಲ್ಲಿ

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟವೂ ಕೂಡಿ, 2000ದ ಇಸವಿಯ ವೇಳೆಗೆ ಹನ್ನೆರಡು ವರ್ಷದ ಮಕ್ಕಳ ಸರಾಸರಿ ಅಂಕ 3ನ್ನು ಮೀರಬಾರದೆಂಬ ಗುರಿಯನ್ನು ಇರಿಸಿದವು. ಸಕ್ಕರೆಯ ಬಳಕೆ ಹೆಚ್ಚಾಗಿದ್ದ ಪಶ್ಚಿಮದ ದೇಶಗಳಿಗೆ ಅದು ಶ್ರಮದ ಗುರಿಯಾಗಿತ್ತು. ಭಾರತೀಯ ದಂತ ಪರಿಷತ್ತು 2002-03ರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ಹನ್ನೆರಡು ವರ್ಷದವರ ಸರಾಸರಿ ಆ ಗುರಿಗಿಂತ ಕೆಳಗೇ ಇತ್ತು. ದೇಶವ್ಯಾಪಿಯಾದ ಒಂದು ದಂತಾರೋಗ್ಯ ಯೋಜನೆಯೂ ಇಲ್ಲದೆ ನಾವು ಗುರಿ ಮುಟ್ಟಿದಂತಾಯಿತು. ಅದೇ ಸಮೀಕ್ಷೆಯ ಪ್ರಕಾರ ಹುಳುಕು ಇದ್ದವರ ಪ್ರಮಾಣ ಐದು ವರ್ಷದವರಲ್ಲಿ ಶೇಕಡ 51.9, ಹನ್ನೆರಡು ವರ್ಷದವರಲ್ಲಿ 53.8, ಹದಿನೈದು ವರ್ಷದವರಲ್ಲಿ 63.1. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ರೋಗವಿದ್ದೂ ಸರಾಸರಿ ನೆಮ್ಮದಿಯ ಅಂಕವನ್ನೇ ತೋರಿಸುತ್ತದೆ. ನಮ್ಮ ದೇಶದ ಮಕ್ಕಳ ಅಂಕದಲ್ಲಿ ಬಹುಪಾಲು ಚಿಕಿತ್ಸೆ ಕಾಣದ 'ಡಿ' ಎಂಬುದನ್ನೂ ಸರಾಸರಿ ಮರೆಮಾಡುತ್ತದೆ.

ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಹತ್ತು ಮಕ್ಕಳ ಒಂದು ತರಗತಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಹುಳುಕು ಹಲ್ಲುಗಳಿವೆ ಎಂದುಕೊಳ್ಳೋಣ; ಸರಾಸರಿ 2. ಇನ್ನೊಂದು ತರಗತಿಯಲ್ಲಿ ಏಳು ಮಕ್ಕಳ ಬಾಯಿ ಸ್ವಚ್ಛ. ಉಳಿದ ಮೂವರಲ್ಲಿ ಏಳು, ಏಳು, ಆರು ಹಲ್ಲುಗಳು ಕೆಟ್ಟಿವೆ. ಅಲ್ಲಿಯೂ ಸರಾಸರಿ 2. ಮೊದಲನೆಯ ತರಗತಿಗೆ ಬೇಕಾದುದು ಎಲ್ಲರಿಗೂ ಸಲ್ಲುವ ಉಪಾಯ. ಎರಡನೆಯದಕ್ಕೆ ಬೇಕಾದುದು ಆ ಮೂವರ ಮನೆಯವರೆಗೆ ತಲಪುವ ಉಪಾಯ. ಸ್ವೀಡನ್ನಿನ ಡಗ್ಲಾಸ್ ಬ್ರಾಟ್‌ಹಾಲ್ 2000ದಲ್ಲಿ ಸೂಚಿಸಿದ ಹೊಸ ಸೂಚ್ಯಂಕವು ಅತಿ ಹೆಚ್ಚು ಹುಳುಕಿರುವ ಮೂರನೆಯ ಒಂದು ಭಾಗದ ಮಕ್ಕಳ ಸರಾಸರಿಯನ್ನು ಪ್ರತ್ಯೇಕವಾಗಿ ನೋಡುವುದು ಈ ಕಾರಣದಿಂದಲೇ.

ಮಾಪನಕ್ಕೆ ನೀತಿಯ ಪ್ರಶ್ನೆಯೂ ಅಂಟಿಕೊಂಡಿದೆ. ಸ್ವೀಡನ್ನಿನ ವಿಪೆಹಾಲ್ಮ್ ಆಸ್ಪತ್ರೆಯಲ್ಲಿ 1945ರಿಂದ 1953ರವರೆಗೆ ನಡೆದ ಅಧ್ಯಯನ, ಊಟಗಳ ನಡುವೆ ಪದೇಪದೇ ತಿನ್ನುವ, ಹಲ್ಲಿಗೆ ಅಂಟುವ ಸಿಹಿಯೇ ಅತ್ಯಂತ ಹಾನಿಕರ ಎಂದು ತೋರಿಸಿತು. ಆ ಅರಿವಿಗೆ ಬೆಲೆ ತೆತ್ತವರು ಒಪ್ಪಿಗೆ ಕೊಡುವ ಶಕ್ತಿಯೂ ಇಲ್ಲದ ಬುದ್ಧಿಮಾಂದ್ಯ ರೋಗಿಗಳು. ಅವರ ಹಲ್ಲು ಕೆಡಲೆಂದೇ ಅವರಿಗೆ ಮಿಠಾಯಿ ತಿನ್ನಿಸಲಾಗಿತ್ತು. ಯಾರಿಗಾಗಿ ಎಣಿಸುತ್ತೇವೆ ಎಂಬುದನ್ನು ಮರೆತರೆ ಶಾಸ್ತ್ರವೂ ಕ್ರೂರವಾಗಬಲ್ಲದು.

6. ನೀರು ಮತ್ತು ವಲಸೆ

ಥಾಣೆ ಪರಿಸರದ ಕನ್ನಡಿಗರಲ್ಲಿ ಸ್ಥೂಲವಾಗಿ ಎರಡು ಧಾರೆಗಳನ್ನು ಗುರುತಿಸಬಹುದು. ಒಂದು, ಹೋಟೆಲು ಉದ್ಯಮ ಮತ್ತು ನೌಕರಿಗಳಿಗಾಗಿ ಬಂದು ನೆಲೆನಿಂತ ತುಳುನಾಡಿನವರದು. ಡೊಂಬಿವಲಿಯ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಗಳು ಹೀಗೆ ನೆಲೆನಿಂತ ಕನ್ನಡ ಸಮಾಜದ ಸಾಧನೆ. ಇನ್ನೊಂದು, ಕಲಬುರಗಿ, ವಿಜಯಪುರ, ರಾಯಚೂರುಗಳ ಕಡೆಯಿಂದ ಬಂದ ಕೂಲಿಕಾರರದು. 1970ರಲ್ಲಿ ಸಿಡ್ಕೊ ಸಂಸ್ಥೆಯ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಆರಂಭವಾದಂದಿನಿಂದ ಕಟ್ಟಡ ಕೆಲಸ ಈ ಭಾಗಕ್ಕೆ ಎಲ್ಲ ಕಡೆಗಳ ದುಡಿಮೆಗಾರರನ್ನು ಸೆಳೆದಿದೆ.

ಈ ಎರಡನೆಯ ಧಾರೆಯ ಮಕ್ಕಳ ಹಲ್ಲನ್ನು ಓದಲು ನೀರಿನ ಕಥೆ ತಿಳಿದಿರಬೇಕು. ಅಮೆರಿಕದ ಟ್ರೆಂಡ್ಲಿ ಡೀನ್ ಇಪ್ಪತ್ತೊಂದು ನಗರಗಳ, ಹನ್ನೆರಡರಿಂದ ಹದಿನಾಲ್ಕು ವರ್ಷದ 7,257 ಮಕ್ಕಳನ್ನು ಅಭ್ಯಸಿಸಿ, ಕುಡಿಯುವ ನೀರಿನಲ್ಲಿ ಲೀಟರಿಗೆ ಸುಮಾರು ಒಂದು ಮಿಲಿಗ್ರಾಮ್ ಫ್ಲೋರೈಡ್ ಇದ್ದಲ್ಲಿ ಹುಳುಕು ಬಹಳ ಕಡಿಮೆ ಎಂದು ಕಂಡುಕೊಂಡನು. ಆ ತಿಳಿವಿನ ಬಲದಿಂದ 1945ರ ಜನವರಿ 25ರಂದು ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲಾಯಿತು. ಭಾರತದ ಅನುಭವ ಇದಕ್ಕೆ ವಿಪರೀತ. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಅತಿಯಾದ ಫ್ಲೋರೈಡಿನ ರೋಗ ವರದಿಯಾಯಿತು. ಗದಗ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಈ ಲವಣ ಮಿತಿ ಮೀರಿದೆ. ಕೊನೆಯ ದವಡೆಹಲ್ಲುಗಳ ಹೊರತು ಉಳಿದ ಶಾಶ್ವತ ಹಲ್ಲುಗಳ ಮೇಲ್ಪದರ ಸುಮಾರು ಎಂಟನೆಯ ವಯಸ್ಸಿನೊಳಗೆ ರೂಪುಗೊಳ್ಳುತ್ತದೆ. ಅಲ್ಲಿಯವರೆಗೆ ಮಗು ಕುಡಿದ ನೀರಿನ ಗುರುತು ಆ ಮೇಲ್ಪದರದಲ್ಲಿ ಉಳಿಯುತ್ತದೆ.

ಥಾಣೆ, ಕಲ್ಯಾಣ್, ಡೊಂಬಿವಲಿಗಳಿಗೆ ಉಲ್ಹಾಸ್, ಭಾತ್ಸಾ, ಬಾರವಿಗಳ ನೀರು. ನವಿ ಮುಂಬಯಿಗೆ ಮೊರ್ಬೆ ಜಲಾಶಯದ ನೀರು. ಇವು ಮಳೆಯನ್ನು ನೆಚ್ಚಿದ ಮೇಲ್ಮೈ ನೀರು. ಇಂಥ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಅಲ್ಪ. ಹೀಗಾಗಿ ಒಂದೇ ಮನೆಯಲ್ಲಿ, ಊರಲ್ಲಿ ಹುಟ್ಟಿ ಬೆಳೆದು ಬಂದ ಅಕ್ಕನ ಹಲ್ಲಿನ ಮೇಲೆ ಕಂದು ಕಲೆಗಳಿರಬಹುದು; ಇಲ್ಲಿ ಹುಟ್ಟಿದ ತಮ್ಮನ ಹಲ್ಲು ಬೆಳ್ಳಗಿದ್ದೂ ಹುಳುಕಿಗೆ ಬೇಗ ಈಡಾಗಬಹುದು. ತರಬೇತಿಯಿಲ್ಲದ ಕಣ್ಣು ಅಕ್ಕನ ಕಲೆಯನ್ನು ಹುಳುಕೆಂದು ಬರೆದುಕೊಳ್ಳುತ್ತದೆ, ತಮ್ಮನ ದವಡೆಹಲ್ಲಿನ ಸಣ್ಣ ಗುಳಿಯನ್ನು ಕಾಣದೆ ಹೋಗುತ್ತದೆ. ಮಗು ಎಲ್ಲಿ ಹುಟ್ಟಿತು, ಎಷ್ಟನೆಯ ವಯಸ್ಸಿಗೆ ಬಂದಿತು ಎಂಬ ಎರಡು ಪ್ರಶ್ನೆಗಳನ್ನು ಕೇಳದ ಸಮೀಕ್ಷೆ ಈ ಪರಿಸರದಲ್ಲಿ ಅಪೂರ್ಣ.

7. ಪಾಲ್ಘರ್, 2013

ಶಾಲಾಮಕ್ಕಳ ತಪಾಸಣೆಯ ಇತಿಹಾಸದಲ್ಲಿ ಥಾಣೆ ಜಿಲ್ಲೆಗೆ ಒಂದು ಸ್ಥಾನವಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ 2013ರ ಫೆಬ್ರವರಿ 6ರಂದು ಚಾಲನೆ ದೊರೆತದ್ದು ಪಾಲ್ಘರ್‌ನಲ್ಲಿ. ಆಗ ಅದು ಥಾಣೆ ಜಿಲ್ಲೆಯ ಭಾಗವಾಗಿತ್ತು. 2014ರ ಆಗಸ್ಟ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ಮೂವತ್ತು ಆರೋಗ್ಯ ಸಮಸ್ಯೆಗಳನ್ನು ಗುರುತಿಸಬೇಕೆಂಬುದು ಈ ಯೋಜನೆಯ ಆಶಯ. ಹಲ್ಲಿನ ತೊಂದರೆ ಆ ಮೂವತ್ತರಲ್ಲಿ ಒಂದು. ಅಂಗನವಾಡಿಗಳಿಗೂ, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಸಂಚಾರಿ ತಂಡ ಹೋಗಬೇಕು. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧ ವಿತರಕ. ದಂತವೈದ್ಯರು ತಂಡದಲ್ಲಿಲ್ಲ, ಅವರ ಸೇವೆ ಸಿಗಬೇಕಾದುದು ಜಿಲ್ಲಾ ಕೇಂದ್ರದಲ್ಲಿ.

ಕೃಮಿದಂತಕವನ್ನು ಓದಿ ಬಂದ ಆಯುರ್ವೇದ ಪದವೀಧರರೇ ಇಂದು ಶಾಲೆಯ ಅಂಗಳದಲ್ಲಿ ಹುಳುಕು ಹಲ್ಲನ್ನು ಗುರುತಿಸುವವರಾಗಿರುವುದು ಇತಿಹಾಸದ ದೃಷ್ಟಿಯಿಂದ ಕುತೂಹಲಕರ. ಆದರೆ ತಪಾಸಣೆ ಬೇರೆ, ಸಮೀಕ್ಷೆ ಬೇರೆ. ತಪಾಸಣೆ ಮಗುವಿಗೆ ತೊಂದರೆ ಇದೆಯೇ ಇಲ್ಲವೇ ಎಂದು ನೋಡಿ ಮುಂದಕ್ಕೆ ಕಳುಹಿಸುತ್ತದೆ. ಸಮೀಕ್ಷೆ ಎಷ್ಟು ಹಲ್ಲು, ಯಾವ ಸ್ಥಿತಿಯಲ್ಲಿ ಎಂದು ಅಳೆದು, ವರ್ಷದಿಂದ ವರ್ಷಕ್ಕೆ, ವಾರ್ಡಿನಿಂದ ವಾರ್ಡಿಗೆ ತುಲನೆಗೆ ಅವಕಾಶ ಕೊಡುತ್ತದೆ. ತಪಾಸಣೆಯ 'ಇದೆ, ಇಲ್ಲ' ಎಂಬ ಪಟ್ಟಿಯಿಂದ ಚಿಕಿತ್ಸಾಲಯ ಎಲ್ಲಿ ಬೇಕು, ಎಷ್ಟು ಬೇಕು ಎಂದು ತೀರ್ಮಾನಿಸಲಾಗದು.

ಆಡಳಿತದ ಎಲ್ಲೆಗಳು ಇನ್ನೊಂದು ತೊಡಕು. ಥಾಣೆ ಮಹಾನಗರಪಾಲಿಕೆ 1982ರಲ್ಲಿ, ಕಲ್ಯಾಣ್-ಡೊಂಬಿವಲಿಯದು 1983ರಲ್ಲಿ, ನವಿ ಮುಂಬಯಿಯದು 1992ರಲ್ಲಿ ಸ್ಥಾಪನೆಯಾದವು. ಲೋಕಲ್ ರೈಲಿನಲ್ಲಿ ಒಂದೇ ಬದುಕಾಗಿರುವ ಈ ಪಟ್ಟಣಗಳು ಕಡತದಲ್ಲಿ ಮೂರು. ಕಟ್ಟಡ ಕೆಲಸ ಐರೋಳಿಯಲ್ಲಿ ಮುಗಿದು ಕಲ್ಯಾಣ್‌ನಲ್ಲಿ ಆರಂಭವಾದಾಗ ಕೂಲಿಕಾರರ ಮಗು ಒಂದು ಪಾಲಿಕೆಯ ಪಟ್ಟಿಯಿಂದ ಜಾರಿ, ಇನ್ನೊಂದರ ಪಟ್ಟಿಗೆ ಸೇರದೆ ಉಳಿಯಬಹುದು. ಹಾಜರಿ ಪುಸ್ತಕದಲ್ಲಿಲ್ಲದ ಮಗು ಶಾಲಾ ಸಮೀಕ್ಷೆಯಲ್ಲಿಯೂ ಇರುವುದಿಲ್ಲ. ಹೀಗೆ ಅತ್ಯಂತ ಹೆಚ್ಚು ಅಗತ್ಯವಿರುವವನನ್ನು ಹೊರಗಿಟ್ಟ ಎಣಿಕೆ ಊರಿನ ಆರೋಗ್ಯವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಒಪ್ಪಿಗೆಯ ಪತ್ರವೂ ಮನೆಗೆ ಕೊಡುವ ಸೂಚನೆಯೂ ತಾಯಿ ಓದಲಾರದ ಭಾಷೆಯಲ್ಲಿದ್ದರೆ, ಕಂಡುಹಿಡಿದ ರೋಗವೂ ಚಿಕಿತ್ಸೆಯವರೆಗೆ ತಲಪುವುದಿಲ್ಲ. ಈ ಕೆಲಸದಲ್ಲಿ ಕನ್ನಡ ಸಂಘಗಳಿಗೆ, ಕನ್ನಡ ಬಲ್ಲ ದಂತವಿದ್ಯಾರ್ಥಿಗಳಿಗೆ ಸ್ಪಷ್ಟವಾದ ಪಾತ್ರವಿದೆ. ಅಲ್ಲಿ ಬಳಸಬೇಕಾದ ಮಾತು 'ದಂತಕ್ಷಯ' ಅಲ್ಲ, 'ಹುಳುಕು ಹಲ್ಲು'. ಆ ತಾಯಿಗೆ ಗೊತ್ತಿರುವ ಶಬ್ದ ಅದು.

8. ಉಪಸಂಹಾರ

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಜಗತ್ತಿನಲ್ಲಿ 51.4 ಕೋಟಿ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕಿದೆ. ಈ ಮಹಾಸಂಖ್ಯೆಯ ಮುಂದೆ ಒಂದು ವಾರ್ಡಿನ, ಒಂದು ಶಾಲೆಯ ಲೆಕ್ಕ ಅಲ್ಪವೆನಿಸಬಹುದು. ಆದರೆ ಚಿಕಿತ್ಸೆ ನಡೆಯುವುದು ವಾರ್ಡಿನಲ್ಲಿ, ಶಾಲೆಯಲ್ಲಿ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಹುಳುಕಿನ ಮೊತ್ತವನ್ನಷ್ಟೇ ಪ್ರಕಟಿಸದೆ ಅದರ ಮೂರು ಭಾಗಗಳನ್ನೂ ಬಿಡಿಸಿ ಹೇಳಬೇಕು. ಚಿಕಿತ್ಸೆ ಕಂಡ ಹಲ್ಲೆಷ್ಟು ಎಂಬುದು ಆಡಳಿತದ ಅಂಕಪಟ್ಟಿ. ಎರಡು, ಸರಾಸರಿಯ ಜೊತೆಗೆ ಅತಿ ಹೆಚ್ಚು ಬಾಧೆಗೊಳಗಾದ ಮಕ್ಕಳ ಲೆಕ್ಕವನ್ನು ಬೇರೆಯಾಗಿ ಇಡಬೇಕು. ಮೂರು, ಶಾಲೆಯ ಹೊರಗೆ ಉಳಿದ, ಊರಿಂದೂರಿಗೆ ಸಾಗುವ ಮಗುವನ್ನು ಎಣಿಕೆಯೊಳಗೆ ತರಬೇಕು. ನಮ್ಮ ಹಳೆಯ ಶಾಸನಗಳಲ್ಲಿ ದತ್ತಿಯ ಲೆಕ್ಕದೊಡನೆ ಅದನ್ನು ಯಾರು ಪಾಲಿಸಬೇಕು, ಪಾಲಿಸದಿದ್ದರೆ ಏನಾಗುವುದು ಎಂಬ ಮಾತೂ ಇರುತ್ತದೆ. ಲೆಕ್ಕದಷ್ಟೇ ಹೊಣೆಯೂ ಮುಖ್ಯವೆಂದು ಅದನ್ನು ಬರೆಸಿದವರಿಗೆ ತಿಳಿದಿತ್ತು. ಮಗುವಿನ ಬಾಯನ್ನು ತೆರೆಸಿ ಎಣಿಸಿದ ಪಾಲಿಕೆಗೂ ಕಾಲೇಜಿಗೂ ಆ ಹಲ್ಲನ್ನು ಉಳಿಸಿಕೊಡುವ ಹೊಣೆ ಇದೆ.